ನೀರು ಬಂದ ಹೊಳೆಗೆ ಮೊಮ್ಮಕ್ಕಳ ಜೊತೆ

“ಅಜ್ಜ, ನೀನು ನಿಜವಾಗ್ಲೂ ಈ ಹೊಳೇಲಿ ಈಜ್ತಿದ್ದಾ?”

ಹೊಸದುರ್ಗದ ಹತ್ತಿರ ವೇದಾವತಿಯ ದಡದಲ್ಲಿ ಕಾರು ನಿಂತಾಗ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಅನುಮಾನಕ್ಕೆ ಕಾರಣವಿತ್ತು. ಅವಳ ಅಪ್ಪ ಹುಡುಗನಾಗಿದ್ದಾಗ ಈ ಹೊಳೆಯಲ್ಲಿ ವರ್ಷದ ಬಹುಪಾಲು ದಿನ ಬರೀ ಮರಳು. ಅವನು ಅದರ ಮೇಲೆ ಕ್ರಿಕೆಟ್ ಆಡಿದ, ಈಜು ಕಲಿಯಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಈಜು ಬಲ್ಲವನು ನಾನೊಬ್ಬನೇ.

ಡಿಸೆಂಬರ್ ರಜೆಯಲ್ಲಿ ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಮಾರಿಕಣಿವೆ, ಹಿರಿಯೂರು ಸುತ್ತಿ ಮತ್ತೆ ದುರ್ಗಕ್ಕೆ ಬರುವುದು ನಮ್ಮ ಯೋಜನೆ. ಡಿಕ್ಕಿಯಲ್ಲಿ ಎರಡು ಟೆಂಟು, ಹಗ್ಗ, ಖಾಲಿ ಕ್ಯಾನುಗಳು, ರೊಟ್ಟಿ, ಶೇಂಗಾ ಚಟ್ನಿಪುಡಿ.

ಮೊದಲು ಕೋಟೆ ಹತ್ತಿದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವ ಏರ್ಪಾಟನ್ನು ಮಕ್ಕಳು ಬೆರಗಿನಿಂದ ನೋಡಿದರು. ಮಳೆ ಕಡಿಮೆ ಬೀಳುವ ಸೀಮೆಯ ಜನ ಹನಿ ನೀರನ್ನೂ ಪೋಲು ಮಾಡುತ್ತಿರಲಿಲ್ಲ. ಹೊಳಲ್ಕೆರೆಯಲ್ಲಿ ಬಯಲು ಗಣಪನಿಗೆ ಕೈಮುಗಿದು, ಹಿಂದಕ್ಕೆ ಹೋಗಿ ಅವನ ಜಡೆಯನ್ನೂ ನೋಡಿದ್ದಾಯಿತು. ಸಂಜೆಗೆ ಹೊಳೆ ದಡ.

ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನಲ್ಲಿ. ವೇದಾ, ಅವತಿ ಎಂಬ ಎರಡು ತೊರೆಗಳು ಕೂಡಿ ವೇದಾವತಿ. ಹೊಸದುರ್ಗ, ಹಿರಿಯೂರು ದಾಟಿ ಮುಂದೆ ಹಗರಿ ಎಂಬ ಹೆಸರು ಪಡೆದು ತುಂಗಭದ್ರೆಯನ್ನು ಸೇರುತ್ತದೆ.

ಮೊಮ್ಮಗ ಮರಳಿನ ಮೇಲೇ ಟೆಂಟು ಹಾಕೋಣ ಎಂದ. ನಾವು ಅನುಮತಿ ಕೇಳಲು ಹೋಗಿದ್ದ ತೆಂಗಿನ ತೋಟದ ಯಜಮಾನರು ತಡೆದರು. “ಹೊಳೆ ಒಳಗೆ ಮಲಗಬ್ಯಾಡ್ರಿ. ಈಗ ಭದ್ರಾ ನೀರನ್ನೂ ಇದರಾಗೇ ಬಿಡ್ತಾರೆ. ಇಲ್ಲಿ ಮಳೆ ಇಲ್ದಿದ್ರೂ ನೀರು ಏರಬಹುದು.” ನಮ್ಮ ಟೆಂಟು ದಡದ ಮೇಲೆ, ತೋಟದ ಅಂಚಿಗೆ ಬಂತು.

ಬೆಳಿಗ್ಗೆ ಬಿಸಿಲೇರಿದ ಮೇಲೆ ನೀರಿಗಿಳಿದೆವು. ಮೊಣಕಾಲುದ್ದ ತಿಳಿನೀರು. ಮೊಮ್ಮಗ ಓಡಲು ಹೊರಟ. ನಾನು ಅವನ ರಟ್ಟೆ ಹಿಡಿದು, ಕೈಯಲ್ಲಿದ್ದ ಬಿದಿರು ಕೋಲನ್ನು ನಾಲ್ಕು ಹೆಜ್ಜೆ ಮುಂದೆ ಊರಿದೆ. ಆಳೆತ್ತರದ ಕೋಲು ಪೂರ್ತಿ ಮುಳುಗಿತು, ತಳ ಸಿಗಲಿಲ್ಲ. ಮರಳು ತೆಗೆದ ಗುಂಡಿ! ಮೇಲಿನಿಂದ ನೋಡಿದರೆ ಏನೂ ಗೊತ್ತಾಗದು. ನನ್ನ ಮಗನ ಮುಖ ಬಿಳಿಚಿಕೊಂಡಿತು. ನಾನು ಈಜಿದ ಹೊಳೆಯಲ್ಲೂ ಇಂಥ ಗುಂಡಿಗಳಿರಲಿಲ್ಲ. ಹಾಗಾಗಿ ‘ನನಗೆ ಈ ಹೊಳೆ ಗೊತ್ತು’ ಎಂಬ ಜಂಬ ನಾನೂ ಬಿಟ್ಟೆ.

ಕೋಲಿನಿಂದ ತಳ ನೋಡುತ್ತಾ, ಸೊಂಟದ ಮಟ್ಟ ದಾಟದ, ಸೆಳವಿಲ್ಲದ ಬಂಡೆ ಮಡುವೊಂದನ್ನು ಆರಿಸಿಕೊಂಡೆವು. ಮಕ್ಕಳು ನಮ್ಮ ನಿಯಮಗಳನ್ನು ಡೈರಿಯಲ್ಲಿ ಬರೆದುಕೊಂಡರು:

* ಈಜು ಬಲ್ಲ ದೊಡ್ಡವರಿಲ್ಲದೆ ನೀರಿಗಿಳಿಯಬಾರದು.
* ಕಾಣದ ತಳಕ್ಕೆ ಧುಮುಕಬಾರದು.
* ನೀರು ಕೆಂಪಾದರೆ, ಏರಿದರೆ ತಕ್ಷಣ ದಡಕ್ಕೆ.
* ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬಾರದು. ಹಗ್ಗ, ಕೋಲು, ಖಾಲಿ ಕ್ಯಾನು ಎಸೆದು ಕೂಗಬೇಕು. 112ಕ್ಕೆ ಕರೆ ಮಾಡಬೇಕು.

ನಮ್ಮ ಕಾಲದಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಬಿಡುತ್ತಿದ್ದರು. ಈಗ ಮುಚ್ಚಳ ಬಿಗಿದ ಖಾಲಿ ಕ್ಯಾನು. ಮೊದಲ ಪಾಠ ಕೈಕಾಲು ಬಡಿಯುವುದಲ್ಲ, ಸುಮ್ಮನೆ ತೇಲುವುದು. ಎದೆ ತುಂಬ ಉಸಿರು ಎಳೆದು, ಕಿವಿ ನೀರಿಗೆ ಮುಳುಗುವಂತೆ ತಲೆ ಹಿಂದಕ್ಕೆ ಹಾಕಿ, ಅಂಗಾತ ಮಲಗಬೇಕು. ಶ್ವಾಸಕೋಶದ ಗಾಳಿಯೇ ನಮ್ಮೊಳಗಿನ ಬುರುಡೆ. ಹೆದರಿ ತಲೆಯೆತ್ತಿದರೆ ಕಾಲು ಇಳಿಯುತ್ತದೆ. ಮೊಮ್ಮಗಳು ನನ್ನ ಅಂಗೈ ಮೇಲೆ ಅರ್ಧ ಗಂಟೆಯಲ್ಲಿ ತೇಲಿದಳು. ತಮ್ಮನಿಗೆ ಮಧ್ಯಾಹ್ನವಾಯಿತು.

ಊಟ ಮುಗಿಸಿ ಮಾರಿಕಣಿವೆಗೆ ಹೊರಟೆವು. ಎರಡು ಗುಡ್ಡಗಳ ನಡುವೆ ಕಲ್ಲು-ಗಾರೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟೆ 1907ರಲ್ಲಿ ಮುಗಿಯಿತು. 130 ಅಡಿಯ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಬರೋಬ್ಬರಿ 89 ವರ್ಷ! 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಇಲ್ಲಿ ನೀರಿಗಿಳಿಯುವ ಮಾತೇ ಇಲ್ಲ. ಕಣಿವೆ ಮಾರಮ್ಮನಿಗೆ ನಮಸ್ಕರಿಸಿ, ನೀರನ್ನು ಕಣ್ತುಂಬ ನೋಡಿದೆವು.

“ಅಪ್ಪ, ನೀನು ಯಾಕೆ ನೀರಿಗೆ ಇಳಿಲೇ ಇಲ್ಲ?” ಎಂದಳು ಮೊಮ್ಮಗಳು. ಮಗ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನತ್ತ ತಿರುಗಿ, “ಅಪ್ಪಾಜಿ, ಹಿರಿಯೂರಿಗೆ ನಾಳೆ ಹೋದ್ರಾಯ್ತು. ಇವತ್ತು ವಾಪಸ್ ತೋಟಕ್ಕೇ ಹೋಗೋಣ್ವಾ?” ಎಂದ.

ಮರುದಿನ ಅದೇ ಮಡುವಿನಲ್ಲಿ, ಎರಡು ಕ್ಯಾನು ಕಟ್ಟಿಕೊಂಡು, ನಲವತ್ತೆರಡು ವರ್ಷದ ನನ್ನ ಮಗ ಅಂಗಾತ ಮಲಗಿದ. ತಲೆ ಹಿಡಿದವಳು ಅವನ ಮಗಳು. “ಅಪ್ಪ, ತಲೆ ಎತ್ತಬೇಡ!” ಎಂದು ಅವಳು ಗದರುತ್ತಿದ್ದಳು. ನಾನು ದಡದಲ್ಲಿ ಹಗ್ಗ ಹಿಡಿದು ಕುಳಿತಿದ್ದೆ.