ಕಂಠಕ್ಕೊಂದು ಪಥ, ಏಕತಾರಿಗೊಂದು ಪಥ: ಮನೆಯ ಕಂಪ್ಯೂಟರಿನಲ್ಲೇ ಧ್ವನಿಮುದ್ರಣ

ಬೀದರ್-ಭಾಲ್ಕಿ ರೈಲುಮಾರ್ಗದಲ್ಲಿರುವ ಹಲಬರ್ಗಾದಂಥ ಊರುಗಳಲ್ಲಿ ರಾತ್ರಿ ಭಜನೆ ನಡೆದರೆ, ಯಾರಾದರೊಬ್ಬರು ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಳ್ಳುವುದು ಈಗ ಸಾಮಾನ್ಯ ಸಂಗತಿ. ಮರುದಿನ ಕೇಳಿದಾಗ ತಾಳ, ತಬಲಗಳ ಸದ್ದೇ ಮುಂದು. ಪದದ ಮಾತು ಹಿಂದು. ತತ್ವಪದಕ್ಕಾದರೋ ಮಾತೇ ಜೀವಾಳ. ಕಡಕೋಳ ಮಡಿವಾಳಪ್ಪ, ಶಿಶುನಾಳ ಶರೀಫರಂಥವರ ಪದಗಳು ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ಅವುಗಳನ್ನು ಹಾಡುವ ಮಟ್ಟು, ಎಳೆತ, ಉಚ್ಚಾರಗಳು ಉಳಿದಿರುವುದು ಹಿರಿಯ ಹಾಡುಗಾರರ ಕಂಠದಲ್ಲಿ. ವಾದ್ಯದ ಸದ್ದಿನಡಿ ಮುಚ್ಚಿಹೋದ ಮಾತನ್ನು ಬೇರ್ಪಡಿಸುವ ತಂತ್ರಾಂಶಗಳು ಇಂದು ಇವೆಯಾದರೂ, ಕಳೆದ ಅಕ್ಷರ ಸ್ಪಷ್ಟವಾಗಿ ಮರಳುವ ಭರವಸೆಯಿಲ್ಲ.

ಇದಕ್ಕೆ ಪರಿಹಾರ ಬಹುಪಥ ಧ್ವನಿಮುದ್ರಣ. ಪ್ರತಿ ಧ್ವನಿಯನ್ನೂ ಪ್ರತ್ಯೇಕ ಪಥದಲ್ಲಿ ಹಿಡಿದು, ಏರಿಳಿತವನ್ನು ಅನಂತರ ಹೊಂದಿಸುವುದೇ ಇದರ ತಿರುಳು. 1979ರಲ್ಲಿ ಕ್ಯಾಸೆಟ್ ಬಳಸುವ ನಾಲ್ಕು ಪಥಗಳ ಯಂತ್ರ ಬಂದಾಗ ಈ ಸೌಲಭ್ಯ ಸ್ಟುಡಿಯೋದಿಂದ ಮನೆಗೆ ಇಳಿಯಿತು. ಇಂದು ಸಾಧಾರಣ ಕಂಪ್ಯೂಟರೇ ಆ ಕೆಲಸವನ್ನು ಮಾಡಬಲ್ಲದು.

ಏನೇನು ಬೇಕು?

ಕಂಪ್ಯೂಟರಿನಲ್ಲೇ ಇರುವ ಮೈಕ್ ಕಿಂಡಿ ಒಂದೇ ಮೈಕಿಗೆ ಮೀಸಲು. ಆದ್ದರಿಂದ ಮೊದಲು ಬೇಕಾದದ್ದು ಯುಎಸ್‌ಬಿ ಮೂಲಕ ಜೋಡಿಸುವ ಆಡಿಯೋ ಇಂಟರ್‌ಫೇಸ್. ಹಾಡುಗಾರ, ಏಕತಾರಿ, ಹಾರ್ಮೋನಿಯಂ, ತಬಲ ಇರುವ ಮೇಳಕ್ಕೆ ಕನಿಷ್ಠ ನಾಲ್ಕು ಮೈಕ್ ಹಿಡಿಸುವಂಥದ್ದನ್ನೇ ಆರಿಸಬೇಕು. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ವಿದ್ಯುತ್ತನ್ನು ಇಂಟರ್‌ಫೇಸೇ ಒದಗಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ತಬಲ, ತಾಳದಂಥ ಜೋರು ಸದ್ದಿಗೆ ಡೈನಮಿಕ್ ಮೈಕ್ ಸಾಕು.

ತಂತ್ರಾಂಶಕ್ಕಾಗಿ ಹಣ ಸುರಿಯಬೇಕಿಲ್ಲ. 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಉಚಿತವಾಗಿದ್ದು, ಒಂದರ ಮೇಲೊಂದು ಪಥ ಸೇರಿಸುತ್ತ ಹೋಗುವವರಿಗೆ ಅನುಕೂಲಕರ. ಏಕಕಾಲಕ್ಕೆ ಹಲವು ಮೈಕ್ ಮುದ್ರಿಸುವವರಿಗೆ ಆರ್ಡರ್, ರೀಪರ್‌ನಂಥವು ಹೆಚ್ಚು ಸೂಕ್ತ.

ಲೆಕ್ಕ ಮತ್ತು ವಿಳಂಬ

48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಒಂದು ಪಥಕ್ಕೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಜಾಗ ಬೇಕು. ನಾಲ್ಕು ಪಥಗಳ ಹತ್ತು ನಿಮಿಷದ ಪದವೊಂದು ಸುಮಾರು 346 ಮೆಗಾಬೈಟ್ ಆದೀತು. ಧ್ವನಿಯ ಮಟ್ಟ ಸೊನ್ನೆ ಡೆಸಿಬಲ್ ಮುಟ್ಟಿದರೆ ಸದ್ದು ಒಡೆಯುತ್ತದೆ. ಒಡೆದದ್ದು ಸರಿಹೋಗುವುದು ಕಷ್ಟ. ಅತಿ ಎತ್ತರದ ದನಿಯೂ ಮೈನಸ್ 10ರ ಆಸುಪಾಸಿನಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು ಕ್ಷೇಮ.

ಹೊಸಬರನ್ನು ಕಾಡುವುದು ವಿಳಂಬ. ಕಂಪ್ಯೂಟರ್ ಧ್ವನಿಯನ್ನು ತುಸು ಕೂಡಿಟ್ಟುಕೊಂಡು ಸಂಸ್ಕರಿಸುತ್ತದೆ. ಈ ಸಂಗ್ರಹಕ್ಕೆ ಬಫರ್ ಎಂದು ಹೆಸರು. ಅದರ ಗಾತ್ರ 1024 ಇದ್ದರೆ ಅದೊಂದರಿಂದಲೇ 21 ಮಿಲಿಸೆಕೆಂಡ್ ತಡವಾಗುತ್ತದೆ. 128 ಇದ್ದರೆ ಮೂರಕ್ಕಿಂತ ಕಡಿಮೆ. ತನ್ನದೇ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಹಾಡುಗಾರ ತಾಳ ತಪ್ಪುತ್ತಾನೆ. ಮುದ್ರಿಸುವಾಗ ಬಫರ್ ಕಡಿಮೆ, ಅನಂತರ ಹೊಂದಿಸುವಾಗ ಹೆಚ್ಚು ಎಂಬುದು ರೂಢಿಯ ಸೂತ್ರ.

ಕೋಣೆಯ ಸಿದ್ಧತೆ

ಬರಿಗೋಡೆ, ತಗಡಿನ ಮಾಡುಗಳು ಸದ್ದನ್ನು ಮರಳಿಸುತ್ತವೆ. ದುಬಾರಿ ಹಲಗೆಗಳ ಬದಲು ಮನೆಯ ದಪ್ಪ ಕೌದಿಗಳನ್ನು ಹಾಡುಗಾರನ ಸುತ್ತ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿದರೆ ಪ್ರತಿಧ್ವನಿ ಬಹುಮಟ್ಟಿಗೆ ತಗ್ಗುತ್ತದೆ. ಫ್ಯಾನ್ ನಿಲ್ಲಿಸಬೇಕು. ಕರೆಂಟ್ ಹೋಗುವ ಭಯವಿದ್ದಲ್ಲಿ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಒಳಿತು.

ಮೇಳವನ್ನು ಒಡೆಯಬೇಕೆ?

ನಿಜವಾದ ತೊಡಕು ಇಲ್ಲಿದೆ. ಒಬ್ಬೊಬ್ಬರನ್ನೇ ಕೂರಿಸಿ ಮುದ್ರಿಸಿದರೆ ಪಥಗಳು ಶುದ್ಧವಾಗಿರುತ್ತವೆ. ಆದರೆ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಇನ್ನೊಬ್ಬರು ಹಿಡಿಯುವ ಭಜನೆಯ ಹುಮ್ಮಸ್ಸು ಅಲ್ಲಿ ಸಾಯುತ್ತದೆ. ಹಿರಿಯ ಹಾಡುಗಾರರಿಗೆ ಹೆಡ್‌ಫೋನ್ ತೊಟ್ಟು ಒಂಟಿಯಾಗಿ ಹಾಡುವುದೂ ಒಗ್ಗದು. ಎಲ್ಲರೂ ಒಟ್ಟಿಗೇ ಕುಳಿತು ಹಾಡಲಿ, ಮೈಕುಗಳು ಮಾತ್ರ ಬೇರೆಬೇರೆ ಇರಲಿ ಎಂಬುದೇ ಇದಕ್ಕೆ ಒಪ್ಪುವ ಮಧ್ಯಮಾರ್ಗ. ಬಾಯಿಯಿಂದ 20 ಸೆಂಟಿಮೀಟರ್ ದೂರದಲ್ಲಿ ಮೈಕ್ ಇದ್ದರೆ ಪಕ್ಕದ ಮೈಕ್ ಅದರಿಂದ ಕನಿಷ್ಠ 60 ಸೆಂಟಿಮೀಟರ್ ದೂರವಿರಬೇಕು. ಒಂದರ ಸದ್ದು ಇನ್ನೊಂದಕ್ಕೆ ಅಷ್ಟಿಷ್ಟು ಸೋರಿದರೂ ಮಾತು ಸ್ಪಷ್ಟವಾಗಿ ಉಳಿಯುತ್ತದೆ.

ಮುದ್ರಣ ಮುಗಿದೊಡನೆ ಕೆಲಸ ಮುಗಿಯದು. ಹಂಚಲು ಎಂಪಿ3 ಸಾಕಾದರೂ ಮೂಲ ಪಥಗಳನ್ನು ವೇವ್ ರೂಪದಲ್ಲೇ ಎರಡು ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡಬೇಕು. ಹಾಡುಗಾರರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕ, ಪದದ ಮೊದಲ ಸೊಲ್ಲನ್ನು ಕಡತದ ಹೆಸರಿನಲ್ಲೇ ಬರೆದಿಡಬೇಕು. ಹೆಸರಿಲ್ಲದ ಕಡತದಲ್ಲಿ ಹಾಡಿದವರಾರೆಂದು ಹತ್ತು ವರ್ಷಗಳ ಬಳಿಕ ಅವರ ಮೊಮ್ಮಕ್ಕಳಿಗೂ ತಿಳಿಯದೆ ಹೋಗಬಹುದು.