ದೂರ ಒಂದೇ, ಹೊತ್ತು ಬೇರೆ

ಬೆಳಗಾವಿಯ ಸಾಂಬ್ರಾದಿಂದ ಮೈಸೂರಿನ ಮಂಡಕಳ್ಳಿಗೆ ವಿಮಾನದಲ್ಲಿ ಹೋಗಲು ಎಷ್ಟು ಹೊತ್ತು ಬೇಕು? ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದೆಂಬ ಸೂತ್ರವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ವೈಮಾನಿಕನು ಇದೊಂದನ್ನೇ ನಂಬಿ ಹೊರಟರೆ ಅಪಾಯಕ್ಕೆ ಎಡೆಯುಂಟು. ಅದು ಹೇಗೆಂಬುದನ್ನು ನೋಡೋಣ.

ಮೊದಲು ದೂರವನ್ನು ಲೆಕ್ಕ ಹಾಕೋಣ. ಸಾಂಬ್ರಾ ವಿಮಾನ ನಿಲ್ದಾಣವು ಉತ್ತರ ಅಕ್ಷಾಂಶ 15.86, ಪೂರ್ವ ರೇಖಾಂಶ 74.62 ಡಿಗ್ರಿಗಳಲ್ಲಿದೆ, ಮಂಡಕಳ್ಳಿಯದು 12.23 ಮತ್ತು 76.66 ಡಿಗ್ರಿಗಳಲ್ಲಿದೆ. ಅಕ್ಷಾಂಶಗಳ ಅಂತರ 3.63 ಡಿಗ್ರಿ, ಡಿಗ್ರಿಗೆ 111 ಕಿಲೋಮೀಟರಿನಂತೆ ದಕ್ಷಿಣೋತ್ತರವಾಗಿ 403 ಕಿ.ಮೀ. ಆಯಿತು. ರೇಖಾಂಶಗಳಾದರೋ ಧ್ರುವಗಳತ್ತ ಸಾಗಿದಂತೆಲ್ಲ ಒಂದನ್ನೊಂದು ಸಮೀಪಿಸುತ್ತವೆ. ಆದುದರಿಂದ 2.04 ಡಿಗ್ರಿಯ ಅಂತರವನ್ನು 111ರಿಂದ ಗುಣಿಸಿ, ಮತ್ತೆ ನಡುವಣ ಅಕ್ಷಾಂಶವಾದ 14 ಡಿಗ್ರಿಯ ಕೊಸೈನ್ ಬೆಲೆಯಾದ 0.97ರಿಂದ ಗುಣಿಸಬೇಕು. ಪೂರ್ವಪಶ್ಚಿಮವಾಗಿ 220 ಕಿ.ಮೀ. ದೊರೆಯಿತು. ಇವೆರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದು ತಿಳಿದು ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ, ಕರ್ಣವು ಸುಮಾರು 460 ಕಿ.ಮೀ. ಭೂಮಿಯು ಗುಂಡಾಗಿದ್ದರೂ ಇಷ್ಟು ಕಡಮೆ ದೂರಕ್ಕೆ ಈ ಲೆಕ್ಕವೇ ಸಾಕು.

ಇಂತಹ ಮಾರ್ಗಗಳಿಗೆ ಒಗ್ಗುವ ಎ.ಟಿ.ಆರ್. 72 ವಿಮಾನವು ಗಂಟೆಗೆ ಸುಮಾರು 500 ಕಿ.ಮೀ. ವೇಗದಿಂದ ಹಾರಬಲ್ಲದು. ಹಾಗಾದರೆ 55 ನಿಮಿಷ ಸಾಕಲ್ಲವೆ? ಸಾಲದು. ನಿಲ್ದಾಣದಲ್ಲಿ ಓಡುಹಾದಿಯವರೆಗೆ ಉರುಳಿ ಹೋಗುವುದು, ಮೇಲೇರುವುದು, ಇಳಿಯುವುದು ಇವೆಲ್ಲವೂ ಕಡಮೆ ವೇಗದಲ್ಲಿಯೇ ನಡೆಯುತ್ತವೆ. ಆದಕಾರಣ ಇಷ್ಟು ದೂರಕ್ಕೆ ಒಂದೂಕಾಲು ಗಂಟೆಯ ಆಸುಪಾಸಿನ ಹೊತ್ತನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಇದಕ್ಕಿಂತಲೂ ಸ್ವಾರಸ್ಯವಾದದ್ದು ಗಾಳಿಯ ಪ್ರಭಾವ. ಏರುವ, ಇಳಿಯುವ ಹೊತ್ತನ್ನು ಸದ್ಯಕ್ಕೆ ಬಿಟ್ಟು, ಗಂಟೆಗೆ 100 ಕಿ.ಮೀ. ವೇಗದ ಗಾಳಿಯು ಬೆಳಗಾವಿಯ ಕಡೆಯಿಂದ ನೇರವಾಗಿ ಮೈಸೂರಿನತ್ತ ಬೀಸುತ್ತಿದೆ ಎಂದಿಟ್ಟುಕೊಳ್ಳೋಣ. ಹೋಗುವಾಗ ನೆಲದ ಮೇಲಿನ ವೇಗ 600. ಹಿಡಿಯುವ ಹೊತ್ತು 46 ನಿಮಿಷ. ಹಿಂದಿರುಗುವಾಗ ವೇಗ 400. ಹೊತ್ತು 69 ನಿಮಿಷ. ಹೋಗುವಾಗ ಉಳಿದದ್ದು 9 ನಿಮಿಷ, ಬರುವಾಗ ಕಳೆದದ್ದು 14! ಗಾಳಿಯ ಉಪಕಾರವು 46 ನಿಮಿಷ ಮಾತ್ರ ನಡೆಯಿತು. ಅದರ ಅಡ್ಡಿಯಾದರೋ 69 ನಿಮಿಷ ನಡೆಯಿತು. ಗಾಳಿಯ ವೇಗವು ವಿಮಾನದ ವೇಗಕ್ಕೆ ಸಮನಾದರೆ, ಹೋದ ವಿಮಾನವು ಎಂದೆಂದಿಗೂ ಹಿಂದಿರುಗಲಾರದು. ಪಕ್ಕದಿಂದ ಬೀಸುವ ಗಾಳಿಯೂ ನಿರುಪದ್ರವಿಯಲ್ಲ. ದಾರಿ ತಪ್ಪದಂತೆ ವಿಮಾನದ ಮೂತಿಯನ್ನು ಗಾಳಿಯತ್ತ ತಿರುಗಿಸಿ ಹಿಡಿಯಬೇಕಾಗುವುದರಿಂದ ಮುಂದುವರಿಯುವ ವೇಗದಲ್ಲಿ ಒಂದಂಶವು ಅದಕ್ಕೇ ವ್ಯಯವಾಗುತ್ತದೆ.

ಈ ಕೆಲವು ನಿಮಿಷಗಳಿಗೆ ಇಷ್ಟೇಕೆ ಮಹತ್ವವೆಂದು ಕೇಳಬಹುದು. ಬಸ್ಸಿನಲ್ಲಿ ಎಣ್ಣೆ ಮುಗಿದರೆ ರಸ್ತೆಯ ಬದಿಗೆ ನಿಲ್ಲಿಸಬಹುದು; ಆಕಾಶದಲ್ಲಿ ನಿಲ್ಲಲು ಎಡೆಯಿಲ್ಲ. ಎಂಜಿನ್ನು ಇಂಧನವನ್ನು ದಹಿಸುವುದು ಕಿಲೋಮೀಟರುಗಳನ್ನು ಎಣಿಸಿಕೊಂಡಲ್ಲ, ನಿಮಿಷಗಳನ್ನು ಎಣಿಸಿಕೊಂಡು. ಆದುದರಿಂದಲೇ ಹೊರಡುವ ಮೊದಲು ಮೇಲ್ಗಾಳಿಯ ಮುನ್ಸೂಚನೆಯನ್ನು ನೋಡಿ ಹೊತ್ತನ್ನು ಗುಣಿಸುತ್ತಾರೆ. ಮಂಡಕಳ್ಳಿಯನ್ನು ಮಂಜು ಮುಸುಕಿದರೆ ಬೆಂಗಳೂರಿನಂತಹ ಬೇರೊಂದು ನಿಲ್ದಾಣಕ್ಕೆ ಹೋಗಲು ಸಾಲುವಷ್ಟು, ಅಲ್ಲಿಯೂ ಅರ್ಧ ಗಂಟೆ ಸುತ್ತುತ್ತ ಕಾಯಲು ಸಾಲುವಷ್ಟು ಇಂಧನವನ್ನು ಹೆಚ್ಚಾಗಿ ತುಂಬಿಕೊಳ್ಳುತ್ತಾರೆ.

ಭೂಪಟವು ದೂರವನ್ನು ಮಾತ್ರ ತಿಳಿಸಬಲ್ಲದು. ಹೊತ್ತನ್ನು ತಿಳಿಯಬೇಕಾದರೆ ಆ ದಿನದ ಗಾಳಿಯನ್ನೂ ಕೇಳಬೇಕು. ಎಪ್ಪತ್ತು ಮಂದಿ ಪ್ರಯಾಣಿಕರ ಕ್ಷೇಮವು ಶಾಲೆಯ ಈ ಸರಳ ಭಾಗಾಕಾರವನ್ನು ಸರಿಯಾಗಿ ಮಾಡುವುದನ್ನು ಅವಲಂಬಿಸಿದೆ.