ಅತಿಕ್ರಮ ಪ್ರವೇಶ, ಒತ್ತುವರಿ, ಸ್ವಾಧೀನ: ಸಾನಪಾಡಾದ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಮರಾಠಿಯ ಕಾಗದಪತ್ರಗಳಲ್ಲಿ 'ಅತಿಕ್ರಮಣ' ಎಂಬ ಒಂದೇ ಪದವು ಬಹುಮಟ್ಟಿಗೆ ನಿರ್ವಹಿಸುವ ಕೆಲಸವನ್ನು ಕನ್ನಡದಲ್ಲಿ ಎರಡು ಪದಗಳು ಹಂಚಿಕೊಂಡಿವೆ. ಅನ್ಯರ ಜಾಗದೊಳಗೆ ಕಾಲಿಡುವುದು ಅತಿಕ್ರಮ ಪ್ರವೇಶ. ಬೇಲಿ ಸರಿಸಿ ಅದರ ಭಾಗವನ್ನು ತನ್ನದಾಗಿಸಿಕೊಳ್ಳುವುದು ಒತ್ತುವರಿ. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರು ನೋಟೀಸೊಂದನ್ನು ಓದುವಾಗ ಈ ಭೇದ ಮರೆಯಾಗುವುದುಂಟು. ಕಾನೂನಿನಲ್ಲಿ ಮಾತ್ರ ಅದು ನಿರ್ಣಾಯಕವಾದುದು.

ಸಾನಪಾಡಾದ ನೆಲದ ಸ್ಥಿತಿಯನ್ನೇ ಗಮನಿಸಬಹುದು. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ನವಿ ಮುಂಬಯಿಯ ನಿವೇಶನಗಳನ್ನು ಸಾಮಾನ್ಯವಾಗಿ ದೀರ್ಘಾವಧಿಯ ಲೀಸಿನ ಮೇಲೆ ನೀಡಿದೆ. ಆ ನೆಲವಾದರೋ ಆಗ್ರಿ, ಕೋಳಿ ಮೊದಲಾದ ಸಮುದಾಯಗಳ ಹಳ್ಳಿಗಳಿಂದ ಸರ್ಕಾರ ಪಡೆದದ್ದು. ಹೀಗಿರುವಾಗ, ನೆಲದ ಒಡೆಯನಲ್ಲದ ನಿವಾಸಿಯು ಅತಿಕ್ರಮ ಪ್ರವೇಶದ ದೂರು ನೀಡಬಲ್ಲನೇ? ನೀಡಬಲ್ಲನು. 1860ರ ಭಾರತೀಯ ದಂಡ ಸಂಹಿತೆಯ 441ನೆಯ ಕಲಮು ರಕ್ಷಿಸಿದ್ದು ಒಡೆತನವನ್ನಲ್ಲ, ಸ್ವಾಧೀನವನ್ನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮೂ ಇದನ್ನೇ ಅನುಸರಿಸಿದೆ. ಶಿಕ್ಷೆ ಮೂರು ತಿಂಗಳವರೆಗಿನ ಕಾರಾವಾಸ. ದಂಡದ ಗರಿಷ್ಠ ಮಿತಿ 500 ರೂಪಾಯಿಗಳಿಂದ 5,000ಕ್ಕೆ ಏರಿದೆ.

ಆದರೆ ಕೇವಲ ಪ್ರವೇಶವು ಅಪರಾಧವಲ್ಲ. ಅಪರಾಧವೆಸಗುವ, ಅಥವಾ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶ ಸಿದ್ಧವಾಗಬೇಕು. 'ಪ್ರವೇಶಿಸಿದವರು ಶಿಕ್ಷಾರ್ಹರು' ಎಂಬ ಫಲಕಗಳು ಅರ್ಧಸತ್ಯವನ್ನಷ್ಟೇ ಹೇಳುತ್ತವೆ. ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳನ್ನು ಕುರಿತ ಓಲ್ಗಾ ಟೆಲಿಸ್ ಪ್ರಕರಣದಲ್ಲಿ (1985) ಸರ್ವೋಚ್ಚ ನ್ಯಾಯಾಲಯವು, ಅನಿವಾರ್ಯತೆಯಿಂದ ನೆಲೆಸಿದವರಿಗೆ ಇಂತಹ ದುರುದ್ದೇಶವನ್ನು ಆರೋಪಿಸಲು ಒಪ್ಪಲಿಲ್ಲ. ಆದರೂ ಅಲ್ಲಿಯೇ ಉಳಿಯುವ ಹಕ್ಕನ್ನು ಅವರಿಗೆ ನೀಡಲಿಲ್ಲವೆಂಬುದನ್ನು ಹಲವರು ಮರೆಯುತ್ತಾರೆ.

ಒತ್ತುವರಿಯ ವಿಷಯದಲ್ಲಿ ನಮಗೆ ಹೆಚ್ಚು ಬೋಧಪ್ರದವಾದುದು ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣ. ಇಬ್ಬರ ಜಮೀನುಗಳು ಅಕ್ಕಪಕ್ಕದವು. ವಾದಿಯು ಕಟ್ಟಡ ಕಟ್ಟತೊಡಗಿದಾಗ ಪ್ರತಿವಾದಿ ಅಡ್ಡಿಪಡಿಸಿದನು. ವಾದಿಯು ತನ್ನ ಒಡೆತನವನ್ನು ಸಾಬೀತುಪಡಿಸಲಾರದೆ ಹೋದನು. ಪ್ರತಿವಾದಿಗೂ ಅದು ಸಾಧ್ಯವಾಗಲಿಲ್ಲ. ಆದರೆ ಜಾಗವು ವಾದಿಯ ಸ್ವಾಧೀನದಲ್ಲಿತ್ತು. ಅಷ್ಟರಿಂದಲೇ ಅವನಿಗೆ ನಿರ್ಬಂಧಕಾಜ್ಞೆ ದೊರೆಯಿತು. 2003ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯುತ್ತ, ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ನಿಜವಾದ ಒಡೆಯನೂ ಕಾನೂನಿನ ಕ್ರಮದ ಮೂಲಕವೇ ತೆರವುಗೊಳಿಸಬೇಕೆಂದು ನಿರ್ಣಯಿಸಿತು. ಆಗತಾನೇ ನುಗ್ಗಿದವನಿಗೆ, ಮರೆಯಲ್ಲಿ ಹೊಕ್ಕವನಿಗೆ ಈ ಆಶ್ರಯವಿಲ್ಲ; ಅಂಥವನನ್ನು ಒಡೆಯನು ಅಗತ್ಯವಿರುವಷ್ಟೇ ಬಲದಿಂದ ಹೊರಹಾಕಬಹುದು. ಪ್ರವೇಶವು ಯಾವ ಗಳಿಗೆಯಲ್ಲಿ ಸ್ವಾಧೀನವಾಗಿ ಮಾರ್ಪಡುತ್ತದೆಂಬುದಕ್ಕೆ ನ್ಯಾಯಾಲಯವು ಅಳತೆಗೋಲನ್ನು ನಿಗದಿಪಡಿಸಿಲ್ಲ. ಪ್ರತಿಯೊಂದು ಪ್ರಕರಣದ ಸಂಗತಿಗಳೇ ಅದನ್ನು ತೀರ್ಮಾನಿಸಬೇಕು. ನನ್ನ ಅಭಿಪ್ರಾಯದಲ್ಲಿ ಇದು ಕೊರತೆಯಲ್ಲ, ವಿವೇಕ.

ಆದಕಾರಣ ಊರಿನ ಹೊಲವನ್ನು ಬಿಟ್ಟು ಸಾನಪಾಡಾದಲ್ಲಿ ವಾಸಿಸುವವರಿಗೆ ಕಾಲವೇ ಮುಖ್ಯ. ಕಾನೂನುಕ್ರಮವಿಲ್ಲದೆ ಸ್ವಾಧೀನ ಕಳೆದುಕೊಂಡವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿದರೆ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ಅನಂತರ ಒಡೆತನದ ಆಧಾರದ ಮೇಲೆ ದಾವೆ ಹೂಡಲು ಅವಕಾಶವಿದೆ. ಆದರೆ ಎದುರಾಳಿಯ ಸ್ವಾಧೀನವು ಪ್ರತಿಕೂಲವಾದಂದಿನಿಂದ ಹನ್ನೆರಡು ವರ್ಷಗಳು ಕಳೆದರೆ ಆ ಬಾಗಿಲೂ ಮುಚ್ಚುತ್ತದೆ.